ಎಂಟು ದಿವಸ ಆತ್ರಿ

ಪಲ್ಲವಿ, ಶಿವು — ನಿಮ್ಮ ಮುತ್ಯಾನ ಕಾಲು ಎಂಟು ದಿನದಲ್ಲಿ ಸೋತದ್ದಲ್ಲ. ನಾಲ್ಕು ತಿಂಗಳು ಹಿಡಿದಿತ್ತು. ಅವರನ್ನು ಬಿಟ್ಟರೆ ಈ ಮನೆಯಲ್ಲಿ ಅದು ಅವರ ಹೆಂಡತಿ ನನಗೊಬ್ಬಳಿಗೇ ಗೊತ್ತಿತ್ತು. ಡಾಕ್ಟರು ಕೇಳಿದಾಗ ನಾನು ಸುಳ್ಳು ಹೇಳಿದೆ. ಆ ಸುಳ್ಳು ಹೊರಬೀಳಬಾರದೆಂದು ತಪ್ಪನ್ನೆಲ್ಲ ಗಂಗವ್ವನ ಮೇಲೆ ಹಾಕಿದೆ — ಹೊಟ್ಟೆ ಕೊಯ್ಯಿಸಿಕೊಂಡು ಅಣ್ಣನಿಗೆ ತನ್ನ ಕಿಡ್ನಿ ಕೊಟ್ಟವಳ ಮೇಲೆ.

ಬರೆದುಬಿಟ್ಟೆ. ಇದನ್ನು ನಿಮ್ಮಪ್ಪನಿಗೇ ಬರೆಯಬೇಕಿತ್ತು. 'ಮಲ್ಲಪ್ಪಾ' ಎಂದು ಬರೆದು ಎರಡು ಹಾಳೆ ಹರಿದೆ, ಮುಂದೆ ಹೋಗಲಾಗಲಿಲ್ಲ. ನಾನು ಸಾವಳಗಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು, ನಾಲ್ಕು ಜನರ ಮುಂದೆ ಬಾಯಿ ಬಿಡಲಾರದವಳು. ಓಣಿಯವರು ನನ್ನನ್ನು ಬಹಳ ಶಾಂತ ಹೆಂಗಸು ಎನ್ನುತ್ತಾರೆ. ಶಾಂತ ಅಲ್ಲ ಮಕ್ಕಳೇ. ಅದು ಅಂಜಿಕೆ. ಅಂಜಿಕೆಯೂ ದೂರದಿಂದ ಹಾಗೇ ಕಾಣುತ್ತದೆ.

ಈಗ ನಿಮ್ಮಪ್ಪನಿಗೂ ಮುತ್ಯಾನದೇ ಕಿಡ್ನಿ ಕಾಯಿಲೆ. ನಿಮ್ಮವ್ವ ಸುಜಾತಾ ತನ್ನ ಕಿಡ್ನಿ ಕೊಡುತ್ತೇನೆ ಎನ್ನುತ್ತಾಳೆ, ರಕ್ತವೂ ಹೊಂದಿದೆ. ಅವನು ಒಲ್ಲೆ ಎನ್ನುತ್ತಾನೆ. ಅವನ ಬಾಯಲ್ಲಿ ಆ 'ಒಲ್ಲೆ' ಇಟ್ಟವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ — ಸುಳ್ಳು ಹೇಳಲಾರೆ — ಇಲ್ಲದಿದ್ದರೆ ಬಹುಶಃ ಎಂದಿಗೂ ಬರೆಯುತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಕಿಡ್ನಿಯಲ್ಲಿ ನೀರಿನ ಗುಳ್ಳೆ ತುಂಬುವ ಕಾಯಿಲೆ ಇದು. ಮುತ್ಯಾನ ಅಪ್ಪನಿಗೂ ಇತ್ತಂತೆ; ಆಗ ಅದಕ್ಕೆ ಹೆಸರಿರಲಿಲ್ಲ. ಮುತ್ಯಾನಿಗೆ ನನ್ನ ರಕ್ತ ಹೊಂದಲಿಲ್ಲ. ಅವರ ತಂಗಿ ಗಂಗವ್ವನದು ಹೊಂದಿತು. ಅವಳ ಕಿಡ್ನಿಯಲ್ಲಿ ಒಂದೂ ಗುಳ್ಳೆ ಇರಲಿಲ್ಲ. ಅವಳನ್ನು ಅನಗವಾಡಿಗೆ, ಬಟ್ಟೆ ಅಂಗಡಿ ಇಟ್ಟವರ ಮನೆಗೆ ಕೊಟ್ಟಿದ್ದರು. ಸಣ್ಣವಳಿದ್ದಾಗ ಜ್ವರ ಬಂದು ಅವಳ ಎಡಗಾಲು ಸೊರಗಿತ್ತು. ಮೊಣಕಾಲಿನ ಮೇಲೆ ಕೈ ಊರಿ ಒಂದು ಬದಿಗೆ ವಾಲಿ ನಡೆಯುತ್ತಿದ್ದಳು. ಆದರೆ ಬಾಯಿ? ಆ ಬಾಯಿಗೆ ಯಾವ ಕುಂಟೂ ಇರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅಣ್ಣ-ತಂಗಿ ದವಾಖಾನೆಯ ಮಂಚದ ಮೇಲೆ ಕುಳಿತು ಜಗಳ ತೆಗೆದಿದ್ದರು.

"ನೋಡಣ್ಣಾ, ನಂದು ಹಾಕ್ಕೊಂಡ ಮ್ಯಾಲೆ ನೀನೂ ನನ್ನಂಗ ಜಗಳಗಂಟ ಆಗತಿ."

"ನೀ ಏನ್ ಪುಕ್ಕಟ ಕೊಡತೀಯೇನ್ ಬೇ? ಪಂಚಮಿಗಿ ಬಂದು ಸೀರಿ ಒಯ್ಯಾಕಿ."

"ಒಯ್ಯತೇನಿ ಮತ್ತ! ನಿನ್ನ ಕೈಲೇ ನೇದದ್ದ ಬೇಕು. ಅಂಗಡ್ಯಾಗಿಂದ ತಂದ ಕೊಟ್ಟಿ ಅಂದ್ರ ಕಿಡ್ನಿ ವಾಪಸ್ ಕೊಡ್ ಅಂತೇನಿ, ತಿಳೀತ?"

ನರ್ಸ್ ನಗತೊಡಗಿದಳು. ಗಂಗವ್ವ ತನ್ನ ಸಣ್ಣ ಕಾಲನ್ನು ತಟ್ಟಿ, "ಇದೊಂದು ಕೇಳಬ್ಯಾಡ್ರೆವಾ, ಇದು ಮೊದಲ ರಿಪೇರಿ ಮಾಲು" ಎಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಕಿಡ್ನಿ ಕೂಡಿಕೊಂಡಿತು. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಗುಳಿಗೆ. ದೇಹವು ಆ ಕಿಡ್ನಿಯನ್ನು ಪರರದೆಂದು ದೂಡಬಾರದೆಂದು ಜೀವನಪೂರ್ತಿ ಗುಳಿಗೆ. ಮುತ್ಯಾ ಮೆಲ್ಲಗೆ ಮತ್ತೆ ಮಗ್ಗಕ್ಕೆ ಇಳಿದರು. ಬನಹಟ್ಟಿಯಲ್ಲಿ ಆಗಲೇ ಎಲ್ಲ ಕಡೆ ಕರೆಂಟಿನ ಮಗ್ಗ. ನಮ್ಮ ಓಣಿಯಲ್ಲಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಲ್ಲಿಯ ಎರಡು ಕೋಲು ತುಳಿಯುತ್ತ ನೇಯುವ ಮಗ್ಗ ಉಳಿದದ್ದು ನಮ್ಮದೊಂದೇ. ಆ ವರ್ಷದ ನಾಗರ ಪಂಚಮಿಗೆ ನಿಮ್ಮಪ್ಪ ಹೋಗಿ ಗಂಗವ್ವನನ್ನು ಕರೆದು ತಂದ. ಅಣ್ಣ ನೇಯ್ದ ಸೀರೆಯನ್ನು ಅಂದೇ ಉಟ್ಟು ಅವಳು ಓಣಿ ತುಂಬ ತಿರುಗಿದಳು.

ಮರುವರ್ಷ ದೀಪಾವಳಿ ಕಳೆದ ಮೇಲೆ ಶುರುವಾಯಿತು.

ನಾನು ಪಡಸಾಲೆಯಲ್ಲಿ ರಾಟೆಯ ಮುಂದೆ ಕುಳಿತು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಒಳಗೆ ಮಗ್ಗದ ಸದ್ದು. ಮದುವೆಯಾದಾಗಿನಿಂದ ಕೇಳಿದ ಸದ್ದು ಅದು — ಒಂದು ಕಾಲು, ಲಾಳಿ, ಬಡಿತ. ಇನ್ನೊಂದು ಕಾಲು, ಲಾಳಿ, ಬಡಿತ. ಅಂದು ಒಂದು ಕಾಲು ತಡವಾಗಿ ಬರುತ್ತಿತ್ತು. ರಾಟೆ ನಿಲ್ಲಿಸಿ ಕೇಳಿದೆ. ಹೌದು, ತಡ. ಮಾರನೆಯ ದಿನವೂ ಹಾಗೇ. ಕೇಳಿದರೆ, "ಕಾಲು ಜುಮ್ ಅಂತಾವ. ಕುಂತು ಕುಂತು ಆಗಿರಬೇಕ್ ಬಿಡು" ಎಂದರು.

ಒಂದು ಮಧ್ಯಾಹ್ನ ಒಳಗಿನಿಂದ ಕರೆದರು. ದನಿ ಬೇರೆಯಾಗಿತ್ತು.

"ಏ, ಇಲ್ಲಿ ಬಾ. ನನ್ನ ಕಾಲು ಕೋಲಿನ ಮ್ಯಾಲ ಐತೇನು, ಒಂಚೂರ ನೋಡು."

ಬಗ್ಗಿ ಕುಣಿಯೊಳಗೆ ನೋಡಿದೆ. ಕಾಲು ಕೋಲಿನ ಮೇಲಿರಲಿಲ್ಲ. ಪಕ್ಕದ ಬರಿ ನೆಲವನ್ನು ತುಳಿಯುತ್ತಿತ್ತು — ತುಳಿಯುತ್ತಲೇ ಇತ್ತು. ಅವರಿಗೆ ತಿಳಿದಿರಲಿಲ್ಲ. ತಮ್ಮದೇ ಕಾಲು ಎಲ್ಲಿದೆ ಎಂದು ಒಬ್ಬ ಮನುಷ್ಯನಿಗೆ ತಿಳಿದಿರಲಿಲ್ಲ. ಆ ಕ್ಷಣದ ಭಯ ಈಗಲೂ ನನ್ನ ಬೆನ್ನಲ್ಲಿ ಇದೆ.

"ಐತ್ರಿ" ಎಂದೆ. ಹಾಗೆ ಅನ್ನುತ್ತಲೇ ಅವರ ಪಾದವನ್ನು ಕೈಯಿಂದ ಎತ್ತಿ ಕೋಲಿನ ಮೇಲೆ ಇಟ್ಟೆ. ನಾನು ಮುಟ್ಟಿದ್ದೂ ಅವರಿಗೆ ಗೊತ್ತಾಗಲಿಲ್ಲ.

ಅದು ಮೊದಲನೆಯ ಸುಳ್ಳು.

ನೇಯುವವರ ಮನೆಯಲ್ಲಿ ಹುಟ್ಟಿ ನೇಯುವವರ ಮನೆಗೇ ಬಂದವಳು ನಾನು. ಬಟ್ಟೆಯಲ್ಲಿ ದೋಷ ಕಂಡರೆ ನಾವು ಕೂಗಿ ಯಾರನ್ನೂ ಕರೆಯುವುದಿಲ್ಲ. ಎಳೆ ಕಡಿದರೆ ಗಂಟು ಹಾಕುತ್ತೇವೆ, ಗಂಟು ಕಾಣದಂತೆ ಉಜ್ಜುತ್ತೇವೆ, ಸುಮ್ಮನಾಗುತ್ತೇವೆ. ಮುತ್ಯಾನ ಕಾಲಿಗೂ ನಾನು ಮಾಡಿದ್ದು ಅದನ್ನೇ. ಹಳೆಯ ಸೀರೆಯ ದಡಿ ಹರಿದು ಪಟ್ಟಿ ಮಾಡಿ, ಎರಡೂ ಪಾದಗಳನ್ನು ಕೋಲುಗಳಿಗೆ ಕಟ್ಟಿದೆ. ಜಾರದಿರಲಿ ಎಂದು. ಅವರು ನಕ್ಕು, "ಎತ್ತಿಗಿ ನೊಗ ಕಟ್ಟಿದಂಗ ಕಟ್ಟಿದೆಲ್ಲ" ಎಂದರು. ಆ ನಗು ಬಾಯಲ್ಲಿ ಮಾತ್ರ ಇತ್ತು. ನಿಮ್ಮಪ್ಪ ಕರೆಂಟಿನ ಮಗ್ಗದ ಶೆಡ್ಡಿನಿಂದ ಮನೆಗೆ ಬರುವ ಹೊತ್ತಿಗೆ ಪಟ್ಟಿ ಬಿಚ್ಚಿ ಬಚ್ಚಿಡುತ್ತಿದ್ದೆ. ಕೋಲು ಪೂರ್ತಿ ಇಳಿಯದೆ ಲಾಳಿ ಎಳೆಗಳ ಮೇಲಿಂದ ಹಾರಿ ಹೋದ ಜಾಗಗಳಲ್ಲಿ ನೂಲಿನ ಎಳೆಗಳು ಸೀರೆಯ ಮೇಲೆ ಸಡಿಲಾಗಿ ತೇಲುತ್ತಿದ್ದವು. ಅವನ್ನು ಸೂಜಿಯಿಂದ ತಿದ್ದುತ್ತಿದ್ದೆ. ದಿನ ದಿನಕ್ಕೆ ಅಂಥ ಜಾಗ ಹೆಚ್ಚಿದವು. ನನ್ನ ಸೂಜಿಯೂ ಚುರುಕಾಯಿತು.

ತಿಂಗಳಿಗೊಮ್ಮೆ ದವಾಖಾನೆಗೆ ನಾವಿಬ್ಬರೇ ಹೋಗುತ್ತಿದ್ದೆವು. ನರ್ಸ್ ಪ್ರತಿ ಸಲ ಕೇಳುತ್ತಿದ್ದಳು — ಹೊಸದಾಗಿ ಏನಾದರೂ ತೊಂದರೆ? ಮುತ್ಯಾ ನನ್ನ ಕಡೆ ಕೈ ಮಾಡುತ್ತಿದ್ದರು: "ಅಕೀನ ಕೇಳ್ರಿ. ನನ್ನ ಮೈ ಹಕೀಕತ್ ನನಗಿಂತ ಅಕೀಗಿ ಛಲೋ ಗೊತ್ತು."

ನಾನು "ಏನಿಲ್ರಿ" ಎನ್ನುತ್ತಿದ್ದೆ.

ಏಕೆ ಎಂದು ಕೇಳುತ್ತೀರಿ. ಅಲ್ಲಿಯ ಬೆಂಚಿನ ಮೇಲೆ ಮುಧೋಳ ಕಡೆಯ ಒಬ್ಬ ಹೆಂಗಸು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದಳು: "ನಮ್ಮವರಿಗಿ ಕೈ ನಡಗತಾವ ಅಂತ ಹೇಳಿದ್ವಿ ಬೇ. ಗುಳಿಗಿ ಕಡಿಮಿ ಮಾಡಿದ್ರು. ತಿಂಗಳ ಆಗಲಿಲ್ಲ, ಕಿಡ್ನಿ ಹೋತು." ಅದು ಗುಳಿಗೆಯಿಂದಲೇ ಹೋಯಿತೋ ಬೇರೆ ಏನಿತ್ತೋ, ನಾನು ಕೇಳಲಿಲ್ಲ. ಆ ಮಾತು ಗಟ್ಟಿಯಾಗಿ ಹಿಡಿದುಕೊಂಡೆ. ಕಾಲು ಹೋದರೆ ಹೋಗಲಿ, ಕಿಡ್ನಿ ಉಳಿಯಲಿ — ಹೀಗೆ ಅಂದುಕೊಂಡೆನೋ ಏನೋ. ಅಥವಾ ಏನೂ ಅಂದುಕೊಳ್ಳದೆ ಸುಮ್ಮನೆ ಅಂಜಿದೆನೋ...

ಶಿವರಾತ್ರಿ ಹತ್ತಿರ ಬಂದಾಗ ಅವರು ಬಚ್ಚಲಲ್ಲಿ ಬಿದ್ದರು. ಏಳಲಾಗಲಿಲ್ಲ. ನಿಮ್ಮಪ್ಪ ಎತ್ತಿ ಕಾರಿಗೆ ಹಾಕಿದ. ಗಂಗವ್ವ ಸುದ್ದಿ ಕೇಳಿ ಉಟ್ಟ ಸೀರೆಯಲ್ಲೇ ಅನಗವಾಡಿಯಿಂದ ಬಂದಳು. ಡಾಕ್ಟರು ಸಣ್ಣ ಸುತ್ತಿಗೆಯಿಂದ ಮೊಣಕಾಲು ಬಡಿದು ನೋಡಿದರು. ಕಾಲು ಜಿಗಿಯಲಿಲ್ಲ. ಪಾದಕ್ಕೆ ಚುಚ್ಚಿ ನೋಡಿದರು. ಮುತ್ಯಾ ಸುಮ್ಮನೆ ಚಾವಣಿ ನೋಡುತ್ತಿದ್ದರು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು.

"ತಾಯಿ, ಕಾಲು ಹಿಂಗಾಗಿ ಎಷ್ಟು ದಿವಸ ಆತು?"

ಮಂಚದ ಆ ಬದಿಗೆ ನಿಮ್ಮಪ್ಪ. ಈ ಬದಿಗೆ ಗಂಗವ್ವ. ಮುತ್ಯಾನನ್ನು ನನ್ನ ಕೈಗೆ ಒಪ್ಪಿಸಿದವರು ಅವರಿಬ್ಬರೂ. ನಾಲ್ಕು ತಿಂಗಳು ಎಂದರೆ — ನಾಲ್ಕು ಸಲ ಈ ದವಾಖಾನೆಯಲ್ಲೇ 'ಏನಿಲ್ರಿ' ಎಂದದ್ದು, ಪಟ್ಟಿ ಕಟ್ಟಿದ್ದು, ಎಲ್ಲ ಹೊರಗೆ ಬರುತ್ತಿತ್ತು.

"ಎಂಟು ದಿವಸ ಆತ್ರಿ."

"ಛಂದಾಗಿ ನೆನಪ ಮಾಡ್ಕೋರಿ. ಎಂಟು ದಿವಸದ್ದು ಅಂದ್ರ ಒಂದು ರೋಗ. ಎರಡು ತಿಂಗಳು ದಾಟಿದ್ರ ಬ್ಯಾರೇನ ರೋಗ. ಎರಡೂ ನರದ್ದ, ಆದ್ರ ಔಷಧ ಬ್ಯಾರೆ."

ಎರಡನೆಯ ಸಲ ಕೇಳಿದ್ದರು, ನೋಡಿ. ಕಾರಣವನ್ನೂ ಹೇಳಿ ಕೇಳಿದ್ದರು. ನನಗೆ ತಿಳಿಯಲಿಲ್ಲ ಎಂದು ಹೇಳಲು ಅವರು ಜಾಗವನ್ನೇ ಬಿಡಲಿಲ್ಲ. ಮುತ್ಯಾ ನನ್ನ ಮುಖ ನೋಡಿದರು. ಅವರೇ ಹೇಳಬಹುದಿತ್ತು. ಹೇಳಲಿಲ್ಲ — ಮಗನ ಮುಂದೆ, ತಂಗಿಯ ಮುಂದೆ ನನ್ನನ್ನು ಸುಳ್ಳಿ ಮಾಡಲು ಅವರಿಗೆ ಮನಸ್ಸಾಗಲಿಲ್ಲ.

"ಎಂಟು ದಿವಸಾರಿ" ಎಂದೆ ಮತ್ತೆ.

ಅದನ್ನೇ ಫೈಲಿನಲ್ಲಿ ಬರೆದರು.

ಕಿಡ್ನಿ ಹಾಕಿಸಿಕೊಂಡವರಲ್ಲಿ ಯಾರೋ ಒಬ್ಬರಿಗೆ, ತೀರ ಅಪರೂಪಕ್ಕೆ, ಹೀಗೆ ಆಗುತ್ತದಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು ನರಗಳ ಮೇಲಿನ ಹೊದಿಕೆಯನ್ನು ತಿನ್ನುತ್ತದಂತೆ — ವಾಯರಿನ ಮೇಲಿನ ರಬ್ಬರ್ ಸುಲಿದ ಹಾಗೆ. ಸೋಂಕಿನಿಂದಲೋ ಗುಳಿಗೆಯಿಂದಲೋ, ತಮಗೂ ಖಾತ್ರಿಯಾಗಿ ಹೇಳಲಾಗದು ಎಂದರು ಡಾಕ್ಟರು. ಎಂಟು ದಿನದ ರೋಗಕ್ಕೆ ಕೊಡುವ ಔಷಧವನ್ನು ಐದು ದಿನ ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು. ಕಾಲಿಗೆ ಸ್ವಲ್ಪ ಜೀವ ಬಂತು. ಇನ್ನು ತಾನಾಗಿಯೇ ಸುಧಾರಿಸಬೇಕು, ಕಾಯಿರಿ ಎಂದು ಮನೆಗೆ ಕಳಿಸಿದರು. ಎಂಟು ದಿನದ ರೋಗವಾಗಿದ್ದರೆ ಹಾಗೆ ಕಾಯುವುದು ಸರಿಯೇ ಇತ್ತಂತೆ. ಕಾದೆವು. ಕಾಯುತ್ತಿದ್ದಾಗ ರೋಗ ಕೈಗಳಿಗೆ ಏರಿತು.

ಆ ದಿನಗಳಲ್ಲೇ ಗಂಗವ್ವ ಒಮ್ಮೆ ಸಜ್ಜೆ ರೊಟ್ಟಿ, ಪುಂಡಿ ಪಲ್ಲೆ ಕಟ್ಟಿಕೊಂಡು ಬಂದಳು. ಮುತ್ಯಾನ ಬಾಯಿಗೆ ತಾನೇ ತುತ್ತು ಇಟ್ಟಳು. ಅವರು ಮಲಗಿದ ಮೇಲೆ ಅಡಿಗೆ ಮನೆಗೆ ಬಂದು ನನ್ನ ಎದುರು ಕುಳಿತಳು. ಯಾವತ್ತೂ ಜೋರಾಗಿರುವ ಆ ದನಿ ಅಂದು ತೀರ ಸಣ್ಣದಾಗಿತ್ತು.

"ವೈನಿ, ಖರೆ ಹೇಳು. ಓಣ್ಯಾಗ ಮಂದಿ ಅನ್ನಾಕತ್ತಾರ. ನನ್ನ ಕಾಲಿನ ದೋಷ ಅಣ್ಣಗ ಹೋತೇನು? ನನ್ನ ಕಿಡ್ನಿ ಜೋಡಿ ಅದೂ ಹೋತೇನು?"

ಅವಳು ಕೇಳಿದ್ದು ನನ್ನನ್ನು. ಇಡೀ ಜಗತ್ತಿನಲ್ಲಿ 'ಅಲ್ಲ' ಎಂದು ಹೇಳಬಲ್ಲ ಒಬ್ಬಳೇ ಒಬ್ಬಳನ್ನು. ನನಗೆ ಗೊತ್ತಿತ್ತು. ಡಾಕ್ಟರು ಹೇಳಿದ್ದೂ ಗೊತ್ತಿತ್ತು, ನಾನು ಮುಚ್ಚಿಟ್ಟದ್ದೂ ಗೊತ್ತಿತ್ತು. ಆದರೆ ಅವಳು ಕೇಳಿದ ಕ್ಷಣದಲ್ಲಿ ನನ್ನೊಳಗೆ ಏನೋ ಹಗುರವಾಯಿತು. ಬರೆಯಲು ನಾಚಿಕೆ — ಹಗುರವಾಯಿತು. ಈ ಭಾರ ಹೊರಲು ಇನ್ನೊಬ್ಬಳು ತಾನಾಗಿಯೇ ಬಂದು ತಲೆ ಕೊಟ್ಟಂತೆ.

"ಮತ್ತ ಎಲ್ಲಿಂದ ಬರತೈತಿ?" ಎಂದೆ.

ಅಷ್ಟೇ. ಜೋರಾಗಿ ಅನ್ನಲಿಲ್ಲ, ಬೈಯಲಿಲ್ಲ. ರೊಟ್ಟಿಯ ಬುಟ್ಟಿಗೆ ಅರಿವೆ ಮುಚ್ಚುತ್ತ ಅಂದೆ. ತಲೆ ಎತ್ತಿದಾಗ ಬಾಗಿಲಲ್ಲಿ ನಿಮ್ಮಪ್ಪ ನಿಂತಿದ್ದ. ಕೇಳಿಸಿಕೊಂಡಿದ್ದ. ಗಂಗವ್ವ ಗೋಡೆ ಹಿಡಿದು ಎದ್ದಳು, ಮೊಣಕಾಲಿನ ಮೇಲೆ ಕೈ ಊರಿದಳು, ಹೋದಳು. ಹೋಗುವಾಗ ಅಣ್ಣನ ಮುಖ ಇನ್ನೊಮ್ಮೆ ನೋಡಲೂ ಇಲ್ಲ — ತನ್ನ ನೆರಳು ತಾಗಿದರೆ ಇನ್ನೇನಾದೀತೋ ಎಂಬಂತೆ.

ಯುಗಾದಿ ಕಳೆದು ಮತ್ತೆ ದವಾಖಾನೆ ಸೇರಿದೆವು. ಈ ಸಲ ಬೇರೆ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು. ಫೈಲು ನೋಡಿದಳು, ನರಗಳಿಗೆ ಕರೆಂಟು ಕೊಟ್ಟು ಪರೀಕ್ಷೆ ಮಾಡಿದಳು, ಮತ್ತೆ ಫೈಲು ನೋಡಿದಳು. "ಇದು ಹಳೇದು ಇದ್ದಂಗ ಕಾಣಸ್ತೈತ್ರಿ. ಎಂಟು ದಿವಸ ಅಂತ ಬರದಾರಲ್ಲ?" ಎಂದಳು. ನಾನು ನೆಲ ನೋಡಿದೆ. ಔಷಧ ಬದಲಿಸಿದರು. ಆದರೆ ಅಷ್ಟರಲ್ಲಿ ಎದೆಯ ಬಲವೂ ಕುಗ್ಗಿತ್ತು, ಕೆಮ್ಮಿ ಕಫ ಉಗುಳಲು ಶಕ್ತಿ ಇರಲಿಲ್ಲ. ಎದೆಗೆ ಸೋಂಕು ತಗುಲಿತು. ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಗುಳಿಗೆಯ ಹೊತ್ತಿಗೆ ಹೋಗಿಬಿಟ್ಟರು.

ನಿಜ ಹೇಳಿದ್ದರೆ ಉಳಿಯುತ್ತಿದ್ದರೇ? ಗೊತ್ತಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗದಂತೆ ಮಾಡಿದವಳೂ ನಾನೇ.

ಇನ್ನೊಂದು ಉಳಿದಿದೆ. ಎಲ್ಲಕ್ಕಿಂತ ಹೆಚ್ಚು ಅಂಜುತ್ತಿರುವುದು ಇದನ್ನು ಬರೆಯಲು. ಮುತ್ಯಾ ಹೋದ ದಿನ ಆ ಸಣ್ಣ ವಯಸ್ಸಿನ ಡಾಕ್ಟರು ದವಾಖಾನೆಯ ಹೊರಗಿನ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು, ಕೈ ಹಿಡಿದು ಹೇಳಿದಳು: "ಕಿಡ್ನಿ ಕಡೀತನಕ ಛಲೋ ಇತ್ತು ತಾಯಿ. ಅದರ ತಪ್ಪು ಏನೂ ಇಲ್ಲ. ಕೊಟ್ಟಾಕಿ ಇದ್ದಾಳಲ್ಲ, ಅಕೀಗಿ ಇದನ್ನ ಮರೀದಂಗ ಹೇಳ್ರಿ. ಇಲ್ಲಾಂದ್ರ ಜನ್ಮಪೂರ್ತಿ ಕೊರಗತಾಳ."

ಹೂಂ ಎಂದೆ. ಹೇಳಲಿಲ್ಲ.

ಮುತ್ಯಾನ ಹೆಣ ಮನೆಗೆ ಬಂದಾಗ ಗಂಗವ್ವ ಹೊಸ್ತಿಲ ಹೊರಗೇ ನಿಂತಿದ್ದಳು. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ನಿಮ್ಮಪ್ಪನೂ ಕರೆಯಲಿಲ್ಲ. ಆ ಶ್ರಾವಣದಲ್ಲಿ ಅವಳನ್ನು ಕರೆತರಲು ಯಾರೂ ಅನಗವಾಡಿಗೆ ಹೋಗಲಿಲ್ಲ. ಅಣ್ಣ ಇಲ್ಲದಿದ್ದರೆ ಅಣ್ಣನ ಮಗ ಹೋಗಬೇಕು, ಅದು ಪದ್ಧತಿ. "ಹೋಗಿ ಬಾರೋ" ಎಂದು ನಾನು ಒಂದು ಮಾತು ಅಂದಿದ್ದರೆ ಹೋಗುತ್ತಿದ್ದ. ಆ ವರ್ಷ ಅವಳು ಪಂಚಮಿಯ ಉಂಡಿ ಕಳಿಸಿದಳು. ಡಬ್ಬಿಯನ್ನು ಬಿಚ್ಚದೆ ಹಾಗೇ ತಿರುಗಿ ಕಳಿಸಿದೆವು. ಮುಂದೆ ಅವಳು ಕಳಿಸಲಿಲ್ಲ. ಆರು ಪಂಚಮಿ ಹೋದವು. ತವರಿನ ಓಣಿ ತುಂಬ ಸೀರೆ ತೋರಿಸುತ್ತ ತಿರುಗಿದವಳು ಆರು ವರ್ಷದಿಂದ ಈ ಓಣಿಯನ್ನು ಕಂಡಿಲ್ಲ.

ಹೋದ ಸೋಮವಾರ ಊಟಕ್ಕೆ ಕುಳಿತಾಗ ಏನಾಯಿತು, ನಿಮಗೇ ಗೊತ್ತು. ನಿಮ್ಮವ್ವ ಮೆಲ್ಲಗೆ ಮಾತು ತೆಗೆದಳು. "ನಾ ಕೊಡತೇನಿ ಅಂದ್ರ ನಿಮಗೇನ್ರಿ ತ್ರಾಸು? ನನ್ನ ಕಿಡ್ನಿ ನನ್ನಂಗ ಬಡಬಡಿಸೂದಿಲ್ಲ, ಸುಮ್ಮನ ಇರತೈತಿ." ನಗಿಸಲು ನೋಡಿದಳು ಪಾಪ. ನಿಮ್ಮಪ್ಪ ನಗಲಿಲ್ಲ.

"ಗಂಗತ್ತಿ ಕೊಟ್ಟದ್ದು ಏನಾತು, ನೋಡಿದೆಲ್ಲ? ಅಪ್ಪ ಕಾಲಿಲ್ಲದಂಗ ಸತ್ತ. ಬ್ಯಾಡ. ನಾ ಇದ್ದಷ್ಟ ದಿನ ಇರತೇನಿ."

ಆಗ ಪಲ್ಲವಿ, ನೀನು ನನ್ನ ಕಡೆ ತಿರುಗಿ ಕೇಳಿದೆ: "ಆಯಿ, ಅವ್ವಂದು ಹಾಕಿದ್ರ ಅಪ್ಪನ ಕಾಲೂ ಹೋಗತಾವೇನ?"

ನಾನು ನಿನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಅದೇ ಅಡಿಗೆ ಮನೆ, ಅದೇ ರೊಟ್ಟಿಯ ಬುಟ್ಟಿ, ಅದೇ ನಾನು. ರೊಟ್ಟಿ ಹಾಕಲು ಕೈ ಚಾಚಿದ ಆ ಕ್ಷಣದಲ್ಲಿ ನನಗೆ ನನ್ನದೇ ಭಯವಾಯಿತು. ಒಬ್ಬರನ್ನು ಸುಮ್ಮನಿದ್ದು ಕಳೆದುಕೊಂಡೆ. ಈಗ ಹೊಟ್ಟೆಯಲ್ಲಿ ಹುಟ್ಟಿದವನನ್ನು ಅದೇ ರೀತಿ ಕಳೆದುಕೊಳ್ಳಲು ಹೊರಟಿದ್ದೇನೆ. ಅವನು ಅಂಗಳ ದಾಟುವಾಗ ಅವನ ಹೆಜ್ಜೆಯ ಸದ್ದು ಎಣಿಸುತ್ತೇನೆ. ಮುಖದ ಬಾವು ದಿನಕ್ಕಿಷ್ಟು ಏರುವುದನ್ನು ನೋಡುತ್ತೇನೆ. ಈ ಕಾಯಿಲೆ ನಿಮಗೂ ಇದೆಯೇ ಎಂದು ಮುಂದೆ ನಿಮ್ಮಿಬ್ಬರನ್ನೂ ಪರೀಕ್ಷೆ ಮಾಡಿಸಬೇಕಂತೆ.

ಆದ್ದರಿಂದ ನನ್ನ ಉತ್ತರ ಇಲ್ಲಿ ಬರೆಯುತ್ತೇನೆ. ಕಿಡ್ನಿಯಿಂದ ಮುತ್ಯಾನ ಕಾಲು ಹೋಗಲಿಲ್ಲ. ಗಂಗವ್ವನ ಸಣ್ಣ ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ಅಂಥ ನರದ ರೋಗ ನಿಮ್ಮಪ್ಪನಿಗೆ ಬರುವುದೇ ಇಲ್ಲ ಎಂದು ನಾನು ಹೇಳಲಾರೆ, ಅಷ್ಟು ತಿಳಿದವಳಲ್ಲ. ಡಾಕ್ಟರನ್ನು ಕೇಳಿರಿ. ಆದರೆ ಬಂದರೆ ಮದ್ದು ಇದೆ. ಆ ಮದ್ದಿಗೆ ಬೇಕಾದದ್ದು ಖರೆ ಮಾತು, ಅದೂ ಬೇಗ. ಕಾಲು ಜುಮ್ಮೆಂದರೆ ಜುಮ್ಮೆಂದ ದಿನವೇ ಹೇಳಿರಿ. ಯಾರು ಬೈಯಲಿ, ಯಾರು ಅಳಲಿ, ಗುಳಿಗೆ ಏನೇ ಆಗಲಿ — ಹೇಳಿರಿ. ಮನೆಯಲ್ಲಿ ಯಾರ ಕಾಲಿಗೂ ಪಟ್ಟಿ ಕಟ್ಟಬೇಡಿ.

ಪಂಚಮಿ ಬರುವ ಬುಧವಾರ. ನಾನು ನಾಳೆ ಏಳರ ಬಸ್ಸಿಗೆ ಜಮಖಂಡಿಗೆ ಹೋಗಿ, ಅಲ್ಲಿಂದ ಬೀಳಗಿ ದಾಟಿ ಅನಗವಾಡಿಗೆ ಹೋಗುತ್ತೇನೆ. ಒಬ್ಬಳೇ ಎಲ್ಲಿಗೂ ಹೋದವಳಲ್ಲ, ಬಸ್ಸಿನ ಬೋರ್ಡು ಓದಿಕೊಂಡು ಹೋಗುತ್ತೇನೆ. ಗಂಗವ್ವನ ಬಾಗಿಲಲ್ಲಿ ನಿಂತು ಮೊದಲು ಡಾಕ್ಟರು ಹೇಳಿದ ಮಾತು ಹೇಳುತ್ತೇನೆ — ನಿನ್ನ ಕಿಡ್ನಿ ಕಡೆಯತನಕ ಛಲೋ ಇತ್ತು ಎಂದು. ಆಮೇಲೆ ಉಳಿದದ್ದು ಹೇಳುತ್ತೇನೆ. ಕೇಳಿದ ಮೇಲೆ ಅವಳು ಬಾಗಿಲು ಮುಚ್ಚಿಕೊಂಡರೆ ಅಲ್ಲೇ ಕಟ್ಟೆಯ ಮೇಲೆ ಕೂಡುತ್ತೇನೆ. ಬರುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.

ಪಲ್ಲವಿ, ಬೆಳಿಗ್ಗೆ ಎಂಟಕ್ಕೆ ಅಪ್ಪನಿಗೆ ಗುಳಿಗೆ ಕೊಡುವವಳು ನೀನು. ಈ ನೋಟ್‌ಬುಕ್ಕನ್ನು ಗುಳಿಗೆಯ ಡಬ್ಬಿಯ ಕೆಳಗೆ ಇಟ್ಟಿರುತ್ತೇನೆ. ಅಪ್ಪನಿಗೆ ನೀರು ಕೊಟ್ಟು, ಕೂಡಿಸಿ, ಮೊದಲ ಸಾಲಿನಿಂದ ಗಟ್ಟಿಯಾಗಿ ಓದು. ಅವನು ಸಾಕು ಎಂದರೂ ನಿಲ್ಲಿಸಬೇಡ. ಅವನು ನನ್ನ ಮುಖ ನೋಡುವುದಿಲ್ಲ ಎಂದರೆ ಅದನ್ನೂ ಅನಗವಾಡಿಗೆ ಫೋನು ಮಾಡಿ ನನಗೆ ಹೇಳು, ಮುಚ್ಚಿಡಬೇಡ.

ನೀನು ಓದುವ ಹೊತ್ತಿಗೆ ನಾನು ಜಮಖಂಡಿ ದಾಟಿರುತ್ತೇನೆ. ಬೇಕೆಂದೇ ಆ ಬಸ್ಸು ಹಿಡಿಯುತ್ತಿದ್ದೇನೆ. ಎಂಟು ಗಂಟೆಗೆ ನಾನು ಈ ಮನೆಯಲ್ಲಿ ಇರಬಾರದು — ಇದ್ದರೆ, ನನ್ನನ್ನು ನಾನು ಬಲ್ಲೆ, ಡಬ್ಬಿಯ ಕೆಳಗಿನಿಂದ ಇದನ್ನು ಎತ್ತಿಕೊಂಡು ಬಿಡುತ್ತೇನೆ.